ಕೈ ಎತ್ತಿ ನಿಂತವಳು

ಲೋಕಲ್ ರೈಲು ಓಡಿಸುವವರಿಗೆ ಸಾವು ಹೊಸದಲ್ಲ. ಮುಂಬೈಯಲ್ಲಿ ಇಪ್ಪತ್ತು ವರ್ಷ ಮೋಟರ್‌ಮನ್ ಆಗಿ ದುಡಿದವನ ಗಾಡಿಗೆ ಯಾರೂ ಸಿಕ್ಕಿಲ್ಲ ಎಂದರೆ ಅವನ ಹೆತ್ತವಳು ದೊಡ್ಡ ಪುಣ್ಯ ಮಾಡಿರಬೇಕು ಎಂದು ಅವರವರಲ್ಲೇ ಮಾತಿದೆ. ಕಾಶಿನಾಥನ ತಾಯಿ ಭಾಗವ್ವನ ಪುಣ್ಯ ಅಷ್ಟು ದೊಡ್ಡದಿರಲಿಲ್ಲ. ಈ ಮೊದಲೂ ಅವನ ಗಾಡಿಗೆ ಸಿಕ್ಕವರಿದ್ದರು. ಫೋನಿನಲ್ಲಿ ಮಾತಾಡುತ್ತ ಹಳಿ ದಾಟುತ್ತಿದ್ದವನು ಒಬ್ಬ, ಕುಡಿದು ದಾರಿ ತಪ್ಪಿ ಬಂದವನು ಇನ್ನೊಬ್ಬ. ಎರಡು ಸಲವೂ ಕಾಶಿನಾಥ ಘಾಟ್ಕೋಪರಿನ ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡು, ವಿಭೂತಿ ಹಚ್ಚಿಕೊಂಡು, ಊಟ ಒಲ್ಲೆನೆಂದು ಮಲಗಿದ್ದ. ರಜೆ ಮುಗಿದ ಮೇಲೆ ಮತ್ತೆ ಕ್ಯಾಬಿನ್ ಹತ್ತಿದ್ದ. ಸತ್ತವರು ಅವನ ಬೆನ್ನು ಹತ್ತಿರಲಿಲ್ಲ.

ಈಕೆ ಹತ್ತಿದಳು.

ಜನವರಿಯ ಒಂದು ಬೆಳಗು ಅದು. ಕಲ್ಯಾಣದಿಂದ ಕೊನೆಯ ಸ್ಟೇಷನ್ ವಿ.ಟಿ. ಕಡೆಗೆ ಹೊರಟ ಫಾಸ್ಟ್ ಗಾಡಿ. ವಿಕ್ರೋಲಿ ದಾಟಿ ಘಾಟ್ಕೋಪರ್ ಕಡೆ ಬರುತ್ತಿದ್ದಾಗ, ಹೊಗೆಯೋ ಮಂಜೋ ತಿಳಿಯದ ಮಸುಕಿನೊಳಗಿಂದ ಒಬ್ಬ ಹೆಂಗಸು ಹಳಿಯ ನಡುವೆ ಬಂದಳು. ಕಾಶಿನಾಥ ಹಾರ್ನ್ ಹಾಕಿದ, ಬ್ರೇಕ್ ಹಾಕಿದ. ಹಾರ್ನ್ ಕೇಳಿ ಓಡುವವರನ್ನು ಅವನು ಕಂಡಿದ್ದ. ಕಾಲು ಕಿತ್ತಲಾರದೆ ಕಲ್ಲಾಗಿ ನಿಲ್ಲುವವರನ್ನೂ ಕಂಡಿದ್ದ. ಈಕೆ ಎರಡನ್ನೂ ಮಾಡಲಿಲ್ಲ. ಗಾಡಿಯ ಕಡೆ ತಿರುಗಿ ಬಲಗೈ ಎತ್ತಿ ಅಂಗೈ ತೋರಿಸಿದಳು. ಸ್ಟೇಷನ್ನಿನ ಹೊರಗೆ ರಿಕ್ಷಾ ನಿಲ್ಲಿಸಲು ತೋರಿಸುತ್ತಾರಲ್ಲ, ಹಾಗೆ. ಸ್ವಲ್ಪ ತಡೆಯಪ್ಪಾ, ದಾಟಿಕೊಂಡು ಬಿಡುತ್ತೇನೆ ಎನ್ನುವ ಹಾಗೆ. ಹನ್ನೆರಡು ಡಬ್ಬಿಗಳ ಗಾಡಿ, ಬಾಗಿಲಿನ ಹೊರಗೂ ಜೋತುಬಿದ್ದ ಜನ. ಅದು ಕೈ ತೋರಿಸಿದರೆ ನಿಲ್ಲುವಂಥದ್ದೇ? ನಿಂತಿತು, ಆದರೆ ಅವಳನ್ನು ದಾಟಿ ಬಹಳ ದೂರ ಹೋಗಿ ನಿಂತಿತು.

ಸ್ಟ್ರೆಚರ್ ಬಂತು, ಅವಳನ್ನು ಒಯ್ದರು, ಸಿಗ್ನಲ್ ಹಸಿರಾಯಿತು. ಕಾಶಿನಾಥನೇ ಗಾಡಿಯನ್ನು ವಿ.ಟಿ.ಗೆ ಮುಟ್ಟಿಸಿದ. ಇಳಿದವರಲ್ಲಿ ಒಬ್ಬ ಕ್ಯಾಬಿನ್ನಿನ ಪಕ್ಕ ಹಾದುಹೋಗುತ್ತ, ಇವತ್ತೂ ಲೇಟ್ ಎಂದು ಗೊಣಗಿದ್ದು ಕೇಳಿಸಿತು. ಪೊಲೀಸರು ಹೇಳಿಕೆ ಬರೆದುಕೊಂಡರು. ನಿನ್ನ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳಿದರು. ಅವನಿಗೂ ಅದು ಗೊತ್ತಿತ್ತು.

ರಜೆ ಮುಗಿಸಿ ಡ್ಯೂಟಿಗೆ ಬಂದ ದಿನ ಅದೇ ಜಾಗದಲ್ಲಿ ಅವಳು ನಿಂತಿದ್ದಳು. ಅವನು ಬ್ರೇಕ್ ಒತ್ತಿದ. ಡಬ್ಬಿಗಳಲ್ಲಿ ನಿಂತಿದ್ದವರು ಒಬ್ಬರ ಮೇಲೊಬ್ಬರು ಉರುಳಿಬಿದ್ದರು. ಹಳಿಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಏನೂ ಇರಲಿಲ್ಲ. ಮರುದಿನ ಅವಳು ಕಾಂಜುರ್‌ಮಾರ್ಗದ ಹತ್ತಿರ ನಿಂತಿದ್ದಳು; ಏನೂ ಆಗಿರದ ಜಾಗದಲ್ಲಿ. ಆ ದಿನ ಗಾಡಿ ಮುಟ್ಟಿಸಿದವನೇ ಅವನು ತಾನಾಗಿ ಮೇಲಿನವರ ಹತ್ತಿರ ಹೋಗಿ, ನನ್ನನ್ನು ಇಳಿಸಿರಿ ಎಂದು ಕೇಳಿಕೊಂಡ.

ಹಳಿಯಿಂದ ದೂರ ಹೋದರೆ ಅವಳೂ ದೂರವಾಗುತ್ತಾಳೆ ಎಂದು ಅವನ ಲೆಕ್ಕ. ಆದರೆ ಮುಂಬೈಯ ರಸ್ತೆಗಳಲ್ಲಿ ಎತ್ತಿದ ಕೈಗಳಿಗೆ ಬರಗಾಲವೇ? ಸ್ಟೇಷನ್ ರಸ್ತೆಗೆ ಕಾಲಿಟ್ಟರೆ ರಿಕ್ಷಾ ನಿಲ್ಲಿಸುವ ಕೈ, ಸಿಗ್ನಲ್ಲಿನಲ್ಲಿ ಪೊಲೀಸನ ಕೈ, ಎದುರು ಬಿಲ್ಡಿಂಗಿನ ಬಾಲ್ಕನಿಯಿಂದ ಯಾರನ್ನೋ ಕರೆಯುವ ಕೈ. ಒಂದೊಂದು ಕೈಯ ಹಿಂದೆಯೂ ಅವಳೇ. ತರಕಾರಿ ತರಲು ಹೋದವನು ಬರಿಗೈಯಲ್ಲಿ ಮರಳತೊಡಗಿದ. ಆಮೇಲೆ ಹೋಗುವುದನ್ನೇ ಬಿಟ್ಟ. ಒಂದು ದಿನ ಹೆಂಡತಿ ನಾಗರತ್ನಾ ಅಡಿಗೆಮನೆಯಿಂದ ಹೊರಬಂದು ನೋಡಿದರೆ ಹಾಲ್‌ನಲ್ಲಿದ್ದ ಲಕ್ಷ್ಮಿಯ ಕ್ಯಾಲೆಂಡರ್ ಗೋಡೆಗೆ ಮುಖ ಮಾಡಿ ತೂಗುತ್ತಿತ್ತು. ಯಾಕೆಂದು ಕೇಳಿದಳು. ಅವನು ಟಿ.ವಿ.ಯ ಸದ್ದು ಹೆಚ್ಚಿಸಿದ. ಅವಳು ಕ್ಯಾಲೆಂಡರನ್ನು ತಿರುಗಿಸಿ ನೋಡಿದಳು: ಕಮಲದ ಮೇಲೆ ಕುಳಿತ ದೇವಿ, ಎತ್ತಿದ ಅಭಯದ ಅಂಗೈ. ಏನು ತಿಳಿಯಿತೋ, ಮತ್ತೆ ಗೋಡೆಯ ಕಡೆಗೇ ತಿರುಗಿಸಿಟ್ಟಳು.

ಊರಿನಿಂದ, ಇಂಡಿಯಿಂದ, ತಾಯಿ ಭಾಗವ್ವ ಬಂದಳು. ಮಗನಿಗೆ ಗಾಳಿ ಬಡಿದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಮಠದಿಂದ ತಂದ ದಾರವನ್ನು ತೋಳಿಗೆ ಕಟ್ಟಿದಳು. ರೈಲ್ವೆ ಆಸ್ಪತ್ರೆಯ ಡಾಕ್ಟರು ನಿದ್ದೆಗೆ ಗುಳಿಗೆ ಕೊಟ್ಟರು, ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಅವರು ಹಿಂದಿಯಲ್ಲಿ ಕೇಳಿದರು, ಕಾಶಿನಾಥ ಹಿಂದಿಯಲ್ಲೇ ಸಬ್ ಠೀಕ್ ಹೈ ಎಂದು ಹೇಳಿ ಎದ್ದುಬಂದ. ಇಪ್ಪತ್ತೈದು ವರ್ಷ ಹಿಂದಿ ಮರಾಠಿ ಮಾತಾಡಿದವನೇ. ಆದರೆ ಆ ಭಾಷೆಗಳಲ್ಲಿ ಅವನಿಗೆ ಡ್ಯೂಟಿ ಮಾಡಲು ಬರುತ್ತಿತ್ತು, ಅಳಲು ಬರುತ್ತಿರಲಿಲ್ಲ. ನಾಗರತ್ನಾಳಿಗೆ ಅದು ಹೊಳೆದದ್ದರಿಂದಲೇ ಅವಳು ಕನ್ನಡ ಸಂಘದ ಪರಿಚಯದವರನ್ನೆಲ್ಲ ಕೇಳಿ ಕೇಳಿ ಮಲಾಡಿನಲ್ಲಿ ಕನ್ನಡ ಬಲ್ಲ ಕೌನ್ಸೆಲರ್ ಅಪೇಕ್ಷಾಳನ್ನು ಹುಡುಕಿದಳು.

ಘಾಟ್ಕೋಪರಿನಿಂದ ಮಲಾಡಿಗೆ ರಿಕ್ಷಾದಲ್ಲೇ ಹೋದರು. ಅವನು ಗಾಡಿ ಹತ್ತಲು ಒಪ್ಪಲಿಲ್ಲ. ರಿಕ್ಷಾ ಸಿಗುವ ತನಕ ಅವನು ಗೇಟಿನ ಗೋಡೆಗೆ ಮುಖ ಮಾಡಿ ನಿಂತಿದ್ದ, ಕೈ ತೋರಿಸಿದವಳು ನಾಗರತ್ನಾ. ಮಾರ್ಕೆಟ್ಟಿನ ನಡುವೆ ಫರಸಾಣ್ ಅಂಗಡಿಯ ಮೇಲಿನ ಮಹಡಿ. ಕರಿದ ಎಣ್ಣೆಯ ವಾಸನೆ ಕೋಣೆಯ ತನಕ ಬರುತ್ತಿತ್ತು. ಅಪೇಕ್ಷಾ ಮೂವತ್ತೈದರ ಆಚೀಚಿನ ಹೆಂಗಸು. ತಂದೆ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡ ಎಚ್ಚರಿಕೆಯಿಂದ ಮೆಟ್ಟಿಲು ಇಳಿಯುವವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅವನಿಗೆ ಅದು ಹಿಡಿಸಿತು, ಅವಸರ ಮಾಡುವವಳಲ್ಲ.

ಆ ಹೆಂಗಸನ್ನು ಓಡಿಸಲು ಇಲ್ಲಿಯವರೆಗೆ ಏನೇನು ಮಾಡಿದಿರಿ ಎಂದು ಅಪೇಕ್ಷಾ ಕೇಳಿದಳು. ಅವನು ಒಂದೊಂದಾಗಿ ಹೇಳಿದ: ಗುಳಿಗೆ, ದಾರ, ಓಂ ನಮಃ ಶಿವಾಯ, ದಿನವಿಡೀ ಜೋರಾಗಿ ಹಚ್ಚಿಟ್ಟ ಟಿ.ವಿ., ಮುಚ್ಚಿದ ಕಿಟಕಿ, ಹೊರಗೆ ಹೋಗದೆ ಉಳಿದದ್ದು. ಹೇಳುತ್ತ ಹೇಳುತ್ತ ಅವನಿಗೇ ಸುಸ್ತಾಯಿತು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟೆಲ್ಲ ಮಾಡಿದ ಮೇಲೆ, ಈಗ ಆಕೆ ಎಲ್ಲಿದ್ದಾಳೆ?"

ಕಾಶಿನಾಥ ತಲೆ ಎತ್ತಿದ. "ಅಲ್ಲೇ ನಿಂತಾಳ್ರಿ. ನಿಮ್ಮ ಹಿಂದ."

ಅಪೇಕ್ಷಾಳ ಬೆರಳು ಪೆನ್ನಿನ ಮೇಲೆ ನಿಂತುಹೋಯಿತು. ಕೆಳಗಿನ ಅಂಗಡಿಯಲ್ಲಿ ಯಾರೋ ಬಾಣಲೆ ಕೆರೆಯುವ ಸದ್ದು. ಅವಳು ತಿರುಗಿ ನೋಡಲಿಲ್ಲ.

"ಆಕೆಯನ್ನ ಓಡಿಸೋಕೆ ನನಗೆ ಬರೋದಿಲ್ಲ, ಕಾಶಿನಾಥ್ ಅವರೇ," ಎಂದಳು. "ಬರುತ್ತೆ ಅಂತ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಆಕೆ ಇದ್ದಾಗಲೇ ನೀವು ಹೇಗೆ ಬದುಕೋದು ಅನ್ನೋದನ್ನ ಬೇಕಾದ್ರೆ ಇಬ್ಬರೂ ಸೇರಿ ನೋಡಬಹುದು."

ಮರಳುವಾಗ ರಿಕ್ಷಾದಲ್ಲಿ ಅವನು ಸಿಡಿಮಿಡಿಗೊಂಡ. ಓಡಿಸಲು ಬಾರದಿದ್ದರೆ ಅಂಗಡಿ ಯಾಕೆ ತೆರೆದಿದ್ದಾಳಂತೆ ಎಂದು ಹೆಂಡತಿಯನ್ನು ಕೇಳಿದ. ಆದರೂ ಮುಂದಿನ ವಾರ ಅವನೇ ಮೊದಲು ಚಪ್ಪಲಿ ಮೆಟ್ಟಿದ. ಇಲ್ಲಿಯವರೆಗೆ ಅವನು ಅಲ್ಲಿದ್ದಾಳೆ ಎಂದಾಗಲೆಲ್ಲ ಎಲ್ಲರೂ ತಿರುಗಿ ನೋಡಿದ್ದರು. ನೋಡಿ, ಯಾರೂ ಇಲ್ಲವಲ್ಲ ಎಂದಿದ್ದರು. ಈಕೆ ನೋಡಿರಲಿಲ್ಲ.

ವಾರ ವಾರ ಹೋಗತೊಡಗಿದರು. ಅಪೇಕ್ಷಾ ಕೇಳುತ್ತಿದ್ದುದು ವಿಚಿತ್ರ ಪ್ರಶ್ನೆಗಳು. ಆ ಹೆಂಗಸು ಬಂದಾಗ ಮೈಯಲ್ಲಿ ಮೊದಲು ಎಲ್ಲಿ ತಿಳಿಯುತ್ತದೆ? ಗಂಟಲಲ್ಲಿ, ಗುಂಡುಕಲ್ಲು ಸಿಕ್ಕಿಬಿದ್ದ ಹಾಗೆ. ಆ ಕಲ್ಲು ಎಷ್ಟು ದೊಡ್ಡದು, ಬಿಸಿಯೋ ತಂಪೋ? ಅದನ್ನು ನುಂಗಬೇಡಿ, ಉಗುಳಬೇಡಿ. ಅದರ ಸುತ್ತ ಉಸಿರಾಡಲು ಎಷ್ಟು ಜಾಗ ಸಿಗುತ್ತದೆ ನೋಡಿ. ಅವನು ಕಣ್ಣು ಮುಚ್ಚಿ ನೋಡಿದ. ಸ್ವಲ್ಪ ಸಿಕ್ಕಿತು. ಇನ್ನೊಂದು ಸಲ, 'ನಾನು ಅವಳನ್ನು ಕೊಂದೆ' ಎಂದು ಹೇಳುವ ಬದಲು 'ನಾನು ಅವಳನ್ನು ಕೊಂದೆ ಎಂದು ನನ್ನ ಮನಸ್ಸು ಹೇಳುತ್ತಿದೆ' ಎಂದು ಹೇಳಿ ನೋಡಿ ಎಂದಳು. ಶಾಲೆಯ ಹುಡುಗರ ಆಟದ ಹಾಗೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಮನೆಗೆ ಬಂದು ಬಚ್ಚಲುಮನೆಯ ನಲ್ಲಿ ಬಿಟ್ಟು, ಯಾರಿಗೂ ಕೇಳದ ಹಾಗೆ ಹೇಳಿಕೊಂಡ. ಹೇಳುತ್ತ ಹೋದಂತೆ ಆ ಮಾತು ಸ್ಟೇಷನ್ನಿನ ಅನೌನ್ಸ್‌ಮೆಂಟಿನಂತೆ ಕೇಳತೊಡಗಿತು. ಯಾತ್ರೀಗಣ ಕೃಪಯಾ ಧ್ಯಾನ ದೇಂ. ಯಾರು ಕೇಳಲಿ ಬಿಡಲಿ ಅದು ಹೇಳುತ್ತಲೇ ಇರುತ್ತದೆ. ಅದಕ್ಕೆ ಯಾರೂ ಎದುರುತ್ತರ ಕೊಡುವುದಿಲ್ಲ. ಹಾಗೆಂದು ಅದು ನಿಲ್ಲುವುದೂ ಇಲ್ಲ.

ಆದರೆ ಅವನು ತಳ್ಳುವುದನ್ನು ಬಿಟ್ಟ ಕೂಡಲೇ ಆ ಹೆಂಗಸು ಇನ್ನೂ ಹತ್ತಿರ ಬಂದಳು. ಅದುವರೆಗೆ ಬಾಗಿಲಿನ ಆಚೆ, ಕಿಟಕಿಯ ಕೆಳಗೆ ಇರುತ್ತಿದ್ದವಳು. ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಡಿಗೆಕಟ್ಟೆಯ ಪಕ್ಕ, ನಾಗರತ್ನಾ ರೊಟ್ಟಿ ಬಡಿಯುತ್ತಿದ್ದ ಕಡೆಯೇ, ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದಳು. ಮೊದಲ ಸಲ ಅವನು ಅವಳ ಕೈ ಬಿಟ್ಟು ಉಳಿದದ್ದನ್ನು ಕಂಡ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಹೆಗಲಿಗೆ ಕರಿಯ ಪರ್ಸು. ಕೆಲಸಕ್ಕೆ ತಡವಾದವರ ಮುಖ. ತಾಟು ಕೈಜಾರಿ ಬಿತ್ತು, ಬ್ಯಾಳಿ ನೆಲದ ತುಂಬ ಹರಿಯಿತು.

ನಾಗರತ್ನಾ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಪೇಕ್ಷಾಳಿಗೆ ಫೋನ್ ಹಚ್ಚಿದಳು.

"ನೀವು ಹೊರಗ ಹಾಕ್ತೀರಿ ಅಂತ ಕರಕೊಂಡು ಬಂದ್ರ, ಮನಿಯೊಳಗ ಕರದು ಕೂಡಿಸೀರಿ," ಎಂದಳು. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು.

ಅಪೇಕ್ಷಾ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಕೆಲವರಿಗೆ ಹೀಗೆ ಮೊದಲು ಹೆಚ್ಚಾಗುವುದುಂಟು, ಇದನ್ನು ಮೊದಲೇ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು ಎಂದಳು. ಗುಳಿಗೆ ನಿಲ್ಲಿಸಬೇಡಿ, ನಾಳೆಯೇ ರೈಲ್ವೆ ಆಸ್ಪತ್ರೆಯ ಡಾಕ್ಟರನ್ನು ಕಾಣಿರಿ, ನಾನೂ ಅವರ ಜೊತೆ ಮಾತಾಡುತ್ತೇನೆ ಎಂದಳು. ಆಮೇಲೆ, ಮುಂದಿನ ಸಲ ನೀವೂ ಒಳಗೆ ಬಂದು ಕೂರಿ ಎಂದಳು. ಅಲ್ಲಿಯವರೆಗೆ ನಾಗರತ್ನಾ ಹೊರಗಿನ ಬೆಂಚಿನಲ್ಲೇ ಕಾಯುತ್ತಿದ್ದಳು.

ಮುಂದಿನ ಸಲ ಅವಳು ಒಳಗೆ ಬಂದಳು. ನಿಮಗೆ ಹೇಗಿದೆ ಎಂದು ಅಪೇಕ್ಷಾ ಕೇಳಿದ್ದಕ್ಕೆ ಮೊದಲು ಗಂಡನ ನಿದ್ದೆ, ಊಟದ ಬಗ್ಗೆಯೇ ಹೇಳತೊಡಗಿದಳು. ಇವರದಲ್ಲ, ನಿಮ್ಮದು ಎಂದು ಅಪೇಕ್ಷಾ ಮತ್ತೆ ಕೇಳಿದಳು. ನಾಗರತ್ನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಆಕಿ ಇವರ ಮುಂದ ನಿಂತಾಳ," ಎಂದಳು ಕಡೆಗೆ. "ಇವರು ನನ್ನ ಮುಂದ ಇಲ್ಲ."

ಕಾಶಿನಾಥ ಹೆಂಡತಿಯನ್ನು ನೋಡಿದ. ಅವಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ ಅವನಿಗೆ ಗೊತ್ತಾಗಿರಲಿಲ್ಲ.

ಆ ದಿನ ಅಪೇಕ್ಷಾ ಬೇರೆಯೇ ಪ್ರಶ್ನೆ ಹಾಕಿದಳು. ಈ ಹೆಂಗಸು ನಿಮ್ಮ ದಾರಿಗೆ ಅಡ್ಡ ಬರದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ನೀವು ಏನು ಮಾಡುತ್ತಿದ್ದಿರಿ? ಡ್ಯೂಟಿ ಎನ್ನುತ್ತಾನೆಂದು ನಾಗರತ್ನಾ ಎಣಿಸಿದ್ದಳು. ಅವನು, ಸೌಮ್ಯಾಳ ಜೊತೆ ಮಾತಾಡುತ್ತಿದ್ದೆ ಎಂದ.

ಸೌಮ್ಯಾ ಅವರ ಒಬ್ಬಳೇ ಮಗಳು. ಥಾಣೆಯ ಕಾಲೇಜಿನಲ್ಲಿ ಕೊನೆಯ ವರ್ಷ. ಮೊದಲು ಲೋಕಲ್‌ನಲ್ಲಿ ಹೋಗುತ್ತಿದ್ದಳು. ಅಪ್ಪನ ಗಾಡಿ ಘಾಟ್ಕೋಪರಿಗೆ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿದ್ದರೆ ಕ್ಯಾಬಿನ್ನಿನ ಕಡೆ ನೋಡಿ ನಾಲಿಗೆ ಚಾಚುವಳು. ಜನವರಿಯ ನಂತರ ಕಾಶಿನಾಥ ಅವಳಿಗೆ ರೈಲು ಬೇಡವೆಂದ, ಬಸ್ಸಿಗೆ ಹೋಗೆಂದ. ಅವಳು ವಾದಿಸಿದಳು, ಅವನು ಕೂಗಾಡಿದ. ಅವಳು ಬಸ್ಸು ಹಿಡಿದಳು, ಟ್ರಾಫಿಕ್ಕಿನಲ್ಲಿ ಸಿಕ್ಕು ಬೆಳಗಿನ ಕ್ಲಾಸುಗಳನ್ನು ಕಳೆದುಕೊಂಡಳು, ಅಪ್ಪನ ಜೊತೆ ಮಾತು ಬಿಟ್ಟಳು. ಮನೆಯಲ್ಲಿ ಅವಳಿಗೆ ಹೇಳಿದ್ದು ಅಪ್ಪನ ಗಾಡಿಗೆ ಆಕ್ಸಿಡೆಂಟ್ ಆಯಿತು ಎಂದಷ್ಟೇ. ಉಳಿದದ್ದನ್ನು ಅವಳು ಮುಚ್ಚಿದ ಕಿಟಕಿಗಳಿಂದ, ತಿರುಗಿದ ಕ್ಯಾಲೆಂಡರಿನಿಂದ ತಾನೇ ಊಹಿಸಿಕೊಂಡಿದ್ದಳು.

ಹೆದರಿಕೆ ಹೋದ ಮೇಲೆ ಮಗಳ ಹತ್ತಿರ ಹೋಗುತ್ತೇನೆಂದು ಕಾಯುತ್ತಿದ್ದೀರಿ, ಅದು ಹೋಗದಿದ್ದರೆ ಎಂದು ಅಪೇಕ್ಷಾ ಕೇಳಿದಳು. ಹೆದರಿಕೆಯನ್ನೂ ಕಟ್ಟಿಕೊಂಡೇ ಹೋಗಲು ಆದೀತೇ?

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಕಾಶಿನಾಥ ಮಗಳ ಕೋಣೆಯ ಬಾಗಿಲಲ್ಲಿ ನಿಂತು, ನಿನ್ನ ಕಾಲೇಜಿನ ತನಕ ಬರುತ್ತೇನೆ, ಗಾಡಿಯಲ್ಲಿ, ಎಂದ. ಸೌಮ್ಯಾ ಫೋನಿನಿಂದ ಕಣ್ಣೆತ್ತಿದಳು. ಅವತ್ತು ಅವಳಿಗೆ ಕಾಲೇಜು ಇರಲಿಲ್ಲ. ಅದನ್ನು ಹೇಳದೆ ಎದ್ದು ಚೀಲ ಹೆಗಲಿಗೇರಿಸಿದಳು.

ಘಾಟ್ಕೋಪರ್ ಸ್ಟೇಷನ್ನಿನ ಸೇತುವೆ ಇಳಿಯುವಷ್ಟರಲ್ಲೇ ಅವನ ಅಂಗಿ ಬೆವರಿಗೆ ಅಂಟಿತ್ತು. ಸ್ಲೋ ಗಾಡಿ ಬಂತು, ಇಬ್ಬರೂ ಜನರಲ್ ಡಬ್ಬಿಗೆ ಹತ್ತಿದರು. ಒಳಗೆ ನಿಂತು ತಲೆ ಎತ್ತಿದವನು ಹಾಗೇ ಮರಗಟ್ಟಿದ. ಡಬ್ಬಿಯ ತುಂಬ ಕೈಗಳು. ಮೇಲೆ ಸಾಲಾಗಿ ತೂಗುವ ಹಿಡಿಕೆಗಳಿಗೆ ಎತ್ತಿದ ಕೈಗಳು: ಬಳೆಯ ಕೈ, ಗಡಿಯಾರದ ಕೈ, ಸಿಮೆಂಟಿನ ಧೂಳು ಮೆತ್ತಿದ ಕೈ. ವರ್ಷಾನುಗಟ್ಟಲೆ ಕ್ಯಾಬಿನ್ನಿನಲ್ಲೇ ಕುಳಿತವನಿಗೆ ತನ್ನ ಬೆನ್ನ ಹಿಂದೆ ದಿನವೂ ಇಷ್ಟು ಕೈಗಳು ಎತ್ತಿಕೊಂಡು ಬರುತ್ತಿದ್ದವೆಂಬುದು ಮರೆತೇಹೋಗಿತ್ತು. ಇಳಿದುಬಿಡಬೇಕೆಂದು ತಿರುಗಿದ. ಗಾಡಿ ಹೊರಟಿತ್ತು. ಆಗ ಆ ಕೈಗಳ ಕಾಡಿನ ನಡುವೆ ಅವನಿಗೆ ಅವಳ ಕೈ ಕಂಡಿತು. ಏನನ್ನೂ ಹಿಡಿಯದ ಕೈ ಅದೊಂದೇ.

ಗಂಟಲಿಗೆ ಕಲ್ಲು ಏರಿತು. ಕಾಲಿನ ಕೆಳಗೆ ಚಕ್ರ ವೇಗ ಹಿಡಿಯುವುದು ತಿಳಿಯುತ್ತಿತ್ತು. ಅವನು ಎಷ್ಟು ಸಾವಿರ ಸಲ ಹಾದ ದಾರಿ; ಕಣ್ಣು ಮುಚ್ಚಿದರೂ ಆ ಜಾಗ ಯಾವಾಗ ಬರುತ್ತದೆಂದು ಮೈಗೆ ಗೊತ್ತು. ಕಣ್ಣು ಮುಚ್ಚಲಿಲ್ಲ. ಬಂದೀಯಲ್ಲ, ನಿಂದರವ್ವಾ ಎಂದು ಮನಸ್ಸಿನಲ್ಲೇ ಅಂದ. ಗಾಡಿ ಒಂದು ಕಡೆ ವಾಲಿದಾಗ ಬೀಳದಂತೆ ತನ್ನ ಕೈಯನ್ನೂ ಮೇಲೆತ್ತಿ ಹಿಡಿಕೆ ಹಿಡಿದ. ಜನವರಿಯಿಂದ ಅವನು ಕೈಯನ್ನು ಹೆಗಲಿಗಿಂತ ಮೇಲೆ ಎತ್ತಿರಲಿಲ್ಲ, ಬಟ್ಟೆ ಒಣಹಾಕಲು ಕೂಡ.

ಬಾಗಿಲಾಚೆ ಗೋಡೆ, ಹುಲ್ಲು, ಕಂಬಗಳು ಓಡಿದವು. ಆ ಜಾಗ ಬಂತು, ಹೋಯಿತು.

ಸೌಮ್ಯಾ ಅವನ ಮುಖವನ್ನೇ ನೋಡುತ್ತಿದ್ದಳು. "ಪಪ್ಪಾ, ಉತರ್ ಜಾಯೇಂ ಕ್ಯಾ? ವಿಕ್ರೋಲಿಗೆ ಇಳಿಯೂಣು?"

"ಬ್ಯಾಡ. ಥಾಣೆ ತನಕ ಹೋಗೂಣು."

ಒಬ್ಬ ಹುಡುಗ, ಕಾಕಾ ಬೈಠೋ ಎಂದು ಎದ್ದು ಜಾಗ ಕೊಟ್ಟ. ಕಾಶಿನಾಥ ಕುಳಿತ, ಸೌಮ್ಯಾ ಅವನ ಮುಂದೆ ನಿಂತಳು. ಭಾಂಡುಪ್ ಬರುವಷ್ಟರಲ್ಲಿ ಅವನು ಹೇಳತೊಡಗಿದ್ದ. ಮಂಜು, ಹಾರ್ನ್, ತಿರುಗಿದ ಮುಖ, ಎತ್ತಿದ ಕೈ, ಆಮೇಲಿನ ಸದ್ದು. ಹೆಂಡತಿಗೂ ಡಾಕ್ಟರಿಗೂ ಹೇಳದಿದ್ದ ಆ ಸದ್ದನ್ನೂ ಹೇಳಿದ. ಸುತ್ತಲಿನವರಿಗೆ ಭಾಷೆ ತಿಳಿಯುತ್ತಿರಲಿಲ್ಲ. ಸೌಮ್ಯಾಳಿಗೂ ಎಲ್ಲ ಮಾತು ತಿಳಿಯಿತೋ ಇಲ್ಲವೋ. ಅವಳ ಕನ್ನಡ ಅಡಿಗೆಮನೆಯ ಕನ್ನಡ, ಇಂಥದಕ್ಕೆಲ್ಲ ಸಾಲುವಂಥದ್ದಲ್ಲ. ನಿನ್ನ ತಪ್ಪಲ್ಲ ಎಂದು ಅವಳು ಹೇಳಲಿಲ್ಲ.

"ಆಕಿ ಹೆಸರು ಏನಿತ್ತು?" ಎಂದು ಕೇಳಿದಳು.

ಯಾರೂ ಕೇಳಿರಲಿಲ್ಲ. ವಿ.ಟಿ.ಯಲ್ಲಿ ಹವಾಲ್ದಾರನೊಬ್ಬ ಪರ್ಸಿನಲ್ಲಿ ಸಿಕ್ಕ ಗುರುತಿನ ಚೀಟಿಯ ಹೆಸರನ್ನು ಫೋನಿನಲ್ಲಿ ಕೇಳಿ ಮರುಹೇಳಿದ್ದು ಕಾಶಿನಾಥನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ಅವನು ಅದನ್ನು ಬಾಯಿಗೆ ತಂದಿರಲಿಲ್ಲ. ತಂದರೆ ಅವಳು ಓಗೊಟ್ಟಾಳೆಂಬ ಭಯ.

"ವನಮಾಲಾ," ಎಂದ.

ಯಾರೂ ಓಗೊಡಲಿಲ್ಲ. ಅವನು ಮುಖ ಮುಚ್ಚಿಕೊಂಡ. ಹೆಗಲು ಅದುರುತ್ತಿದ್ದವು. ಎದುರಿಗೆ ಕುಳಿತವರು ಮುಂಬೈಯ ಮರ್ಯಾದೆಯಂತೆ ಕಿಟಕಿಯ ಕಡೆ ತಿರುಗಿದರು.

"ಈಗ ಇಲ್ಲೇ ಅದಾಳೇನು?" ಸೌಮ್ಯಾ ಬಾಗಿ ಮೆಲ್ಲಗೆ ಕೇಳಿದಳು.

"ಅದಾಳ."

ಸೌಮ್ಯಾ ಅತ್ತಿತ್ತ ನೋಡಲಿಲ್ಲ. ಚೀಲವನ್ನು ಎದೆಗೊತ್ತಿಕೊಂಡು, ಗರ್ದಿಯಲ್ಲಿ ಇನ್ನೊಬ್ಬರು ಬಂದಾಗ ಮಾಡುವ ಹಾಗೆ ಸ್ವಲ್ಪ ಸರಿದು ನಿಂತಳು.

ಮರುವಾರದಿಂದ ಅವಳು ಗಾಡಿಯಲ್ಲೇ ಕಾಲೇಜಿಗೆ ಹೋದಳು. ಮನೆಯ ಕಿಟಕಿಗಳು ತೆರೆದವು, ಕ್ಯಾಲೆಂಡರ್ ತಿರುಗಿತು. ಕಾಶಿನಾಥ ಮಾರ್ಕೆಟ್ಟಿಗೆ ಹೋಗಿ ಬರತೊಡಗಿದ. ಕೆಲವು ದಿನ ಕೊತ್ತಂಬರಿ ಮರೆತು, ಕೆಲವು ದಿನ ಎಲ್ಲವನ್ನೂ ತಂದು. ಇನ್ನೇನು ಡ್ಯೂಟಿಗೆ ಹೋಗುತ್ತಾನೆ ಎಂದು ಭಾಗವ್ವ ಊರೆಲ್ಲ ಹೇಳಿದಳು. ಅಪೇಕ್ಷಾ ಕೂಡ ಆ ಮಾತು ಎತ್ತಿದಳು.

"ಖಾಲಿ ಹಳಿ ಮ್ಯಾಲ ಬ್ರೇಕ್ ಹಾಕಿದ್ರ ಮಂದಿ ಬೈತಾರ, ಅಷ್ಟ," ಎಂದ. "ಆದ್ರ, ಏ, ವನಮಾಲಾನ ಬಂದಾಳ ಅಂತ ತಿಳದು ನಾ ಬ್ರೇಕ್ ಹಾಕಲಾರದ ಹ್ವಾದೆ ಅಂತ ತಿಳೀರಿ. ಅವತ್ತ ಖರೇನ ಯಾರರೆ ನಿಂತಿದ್ರ?"

ಹಾಗಾದರೆ ಕ್ಯಾಬಿನ್ ಬಿಡುವುದೆಂದರೆ ನಿಮಗೆ ಏನನ್ನು ಬಿಟ್ಟ ಹಾಗೆ ಎಂದು ಅಪೇಕ್ಷಾ ಕೇಳಿದಳು. ಅವನು ಪಾರಸಿಕ್ ಸುರಂಗದಿಂದ ಹೊರಬರುವಾಗ ಮುಖಕ್ಕೆ ಬಡಿಯುವ ಬೆಳಕಿನ ಬಗ್ಗೆ ಹೇಳಿದ. ಖಾಡಿಯ ನೀರಿನ ಮೇಲೆ ಬೆಳಗಾಗುವುದನ್ನು ಇಡೀ ಗಾಡಿಗಿಂತ ಮೊದಲು ತಾನು ಕಾಣುತ್ತಿದ್ದುದನ್ನು ಹೇಳಿದ. ಹೇಳುತ್ತ ಅತ್ತ. ಆ ಹೆಂಗಸಿಗಾಗಿ ಅತ್ತದ್ದಕ್ಕಿಂತ ಹೆಚ್ಚಾಗಿಯೇ ಅತ್ತ. ಇದಕ್ಕೂ ಜಾಗ ಮಾಡಬೇಕಲ್ಲವೇ ಎಂದು ಅಪೇಕ್ಷಾ ಮೆಲ್ಲಗೆ ಅಂದಳು. ಅವತ್ತು ಅವಳ ಕಣ್ಣುಗಳೂ ಒದ್ದೆಯಾಗಿದ್ದವು.

ಗಾಡಿ ಓಡಿಸುವ ಕೆಲಸ ಬೇಡವೆಂದು ಅವನೇ ಅರ್ಜಿ ಕೊಟ್ಟ. ಕೆಲವು ತಿಂಗಳಲ್ಲಿ ಮೋಟರ್‌ಮನ್‌ಗಳ ಲಾಬಿಯಲ್ಲಿ, ಡ್ಯೂಟಿಗೆ ಬಂದವರು ಸಹಿ ಹಾಕಿ ಉಸಿರಿನ ಪರೀಕ್ಷೆ ಮುಗಿಸಿ ಗಾಡಿಗೆ ಹೋಗುವ ಆ ಕೋಣೆಯಲ್ಲಿ, ಒಂದು ಮೇಜು ಕುರ್ಚಿ ಸಿಕ್ಕಿತು. ಹೋಗುವವರನ್ನು ಕಳಿಸುವುದು, ಬಂದವರನ್ನು ಬರೆದುಕೊಳ್ಳುವುದು. ಹೊರಗೆ ಗಾಡಿಗಳ ಸದ್ದು. ವನಮಾಲಾ ಅಲ್ಲಿಗೂ ಬರುತ್ತಾಳೆ. ಕೆಲವೊಮ್ಮೆ ವಾರಗಟ್ಟಲೆ ಸುಳಿವಿರುವುದಿಲ್ಲ; ಮತ್ತೆ ಒಂದು ಮಧ್ಯಾಹ್ನ ನೀರಿನ ಕೂಲರ್ ಪಕ್ಕ ನಿಂತಿರುತ್ತಾಳೆ. ಅವನು ರಿಜಿಸ್ಟರಿನಲ್ಲಿ ಮುಂದಿನ ಹೆಸರು ಬರೆಯುತ್ತಾನೆ.

ದೀಪಾವಳಿ ಕಳೆದ ಮೇಲೆ ಶೇಖರ ಎಂಬ ಧಾರವಾಡದ ಹುಡುಗನನ್ನು ಅದೇ ಲಾಬಿಗೆ ಕರೆತಂದರು. ಅವನು ಮೋಟರ್‌ಮನ್ ಆಗಿ ವರ್ಷವೂ ತುಂಬಿರಲಿಲ್ಲ. ಅವತ್ತು ಬೆಳಿಗ್ಗೆ ಮುಲುಂಡಿನ ಹತ್ತಿರ ಒಬ್ಬ ಮುದುಕ ಅವನ ಗಾಡಿಗೆ ಸಿಕ್ಕಿದ್ದ. ಬಂದು ಹೋಗುವವರೆಲ್ಲ ಅವನ ಬೆನ್ನು ತಟ್ಟಿದರು. ಆಗುತ್ತಿರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮನೆಗೆ ಹೋಗಿ ಮಲಗು ಎಂದರು. ಶೇಖರ ಎಲ್ಲರಿಗೂ ತಲೆಯಾಡಿಸಿದ. ಅವರು ಹೋದ ಮೇಲೆ ಕಾಶಿನಾಥ ಎರಡು ಗ್ಲಾಸು ಚಹಾ ತಂದು ಒಂದನ್ನು ಅವನ ಮುಂದಿಟ್ಟ.

"ಎಷ್ಟ ದಿನಕ್ಕ ಹೋಗ್ತದ್ರಿ ಸರ್, ಇದು?" ಶೇಖರ ನೆಲ ನೋಡುತ್ತಲೇ ಕೇಳಿದ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹುಡುಗನ ಮುಖ ನೋಡಿದರೆ ಅದನ್ನು ಹೇಳಿಬಿಡುವುದೇ ದಯೆ ಎನ್ನಿಸುವಂತಿತ್ತು.

"ನಂದು ಇನ್ನೂ ಹೋಗಿಲ್ಲಪ," ಎಂದ ಕಾಶಿನಾಥ.

ಶೇಖರ ತಲೆ ಎತ್ತಿದ. ಹೆದರಿದ್ದ. ಆದರೆ ಅವತ್ತು ಯಾರನ್ನಾದರೂ ಅವನು ನಿಜವಾಗಿ ನೋಡಿದ್ದು ಅದೇ ಮೊದಲು. ಕಾಶಿನಾಥ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕುಳಿತ.

"ಹೆಂಗಿದ್ದ ಅವಾ?" ಎಂದು ಕೇಳಿದ.

ಹೊರಗೆ ಒಂದು ಗಾಡಿ ಬಂದು ನಿಂತಿತು, ಜನ ಇಳಿದರು, ಗಾಡಿ ಹೋಯಿತು. ಶೇಖರ ಗ್ಲಾಸನ್ನು ಎರಡೂ ಕೈಯ ನಡುವೆ ಹಿಡಿದು ಕುಳಿತಿದ್ದ.

"ಬಿಳೇ ಟೊಪಿಗಿ ಇತ್ರಿ," ಎಂದ ಕಡೆಗೆ. "ಒಂದ ಕಾಲಾಗ ಚಪ್ಪಲ್ ಇರಲಿಲ್ಲ. ಅದನ್ನ ಹುಡುಕಾಕ ಬಾಗಿದ್ದ."

ಚಹಾದ ಮೇಲೆ ಕೆನೆ ಕಟ್ಟಿತು. ಶೇಖರ ಹೇಳುತ್ತ ಹೋದ.